ತುದಿ ಬಿಚ್ಚಿದ ಕೇಬಲ್

ಸಾಗರದಲ್ಲಿ ಆ ವರ್ಷ ಹಿಡಿದ ಮಳೆ ಬಿಟ್ಟಿರಲಿಲ್ಲ. ಸಂಜೆಯಾದರೆ ನಾವು ಹ್ಯಾಮ್ ರೇಡಿಯೊ ಗೆಳೆಯರೆಲ್ಲ ಫಿಸಿಕ್ಸ್ ಮೇಷ್ಟ್ರ ಮನೆ ಅಟ್ಟದಲ್ಲಿ ಸೇರುತ್ತಿದ್ದೆವು. ಒಂದು ದಿನ ಹೊಸದಾಗಿ ಲೈಸೆನ್ಸ್ ಪಡೆದ ಹುಡುಗನೊಬ್ಬ ಆರ್‌ಜಿ-213 ಕೇಬಲ್ಲಿನ ಸುರುಳಿ ಹೊತ್ತು ಬಂದ. ಹಳೇ ಮಾಲು, ಇಪ್ಪತ್ತು ಮೀಟರ್ ಇತ್ತು.

"ಎಸ್‌ಡಬ್ಲ್ಯುಆರ್ 1.2 ತೋರಿಸುತ್ತೆ ಸಾರ್. ಆದ್ರೆ ನಮ್ಮೂರು ದಾಟಿದ್ರೆ ಯಾರಿಗೂ ನನ್ನ ದನಿ ಕೇಳಲ್ಲ."

ಮೇಷ್ಟ್ರು ಮೊದಲು ಮಲ್ಟಿಮೀಟರ್ ಹಿಡಿದರು. ಒಳತಂತಿಗೂ ಹೊರಗಿನ ಜಾಲರಿಗೂ ಶಾರ್ಟ್ ಇಲ್ಲ. ಎರಡೂ ತುದಿಯತನಕ ಸರಿಯಾಗಿವೆ. "ತಂತಿ ತುಂಡಾಗಿಲ್ಲ, ಇದು ಹೇಳೋದು ಅಷ್ಟೇ ಕಣೋ. ನಾವು ಮಾತಾಡೋ 145 ಮೆಗಾಹರ್ಟ್ಸ್‌ನ ಸಮಾಚಾರ ಇದಕ್ಕೆ ಗೊತ್ತಾಗಲ್ಲ" ಅಂದರು.

ಆಮೇಲೆ ದೂರದ ತುದಿಗೆ 50 ಓಮ್‌ನ ಡಮ್ಮಿ ಲೋಡ್ ಕಟ್ಟಿ, ವಾಟ್‌ಮೀಟರನ್ನು ಒಮ್ಮೆ ಈ ತುದಿಗೆ, ಒಮ್ಮೆ ಆ ತುದಿಗೆ ಹಾಕಿದರು. ಹೋಗಿದ್ದು 25 ವಾಟ್, ತಲುಪಿದ್ದು ಬರೀ 6. ಹೊಸ ಕೇಬಲ್ ಆಗಿದ್ದರೆ 16 ವಾಟ್ ಆದರೂ ತಲುಪಬೇಕಿತ್ತು.

ನಮ್ಮನ್ನು ಬೆರಗಾಗಿಸಿದ್ದು ಅದರ ನಂತರದ್ದು. ಲೋಡನ್ನೂ ಕಿತ್ತು, ತುದಿಯನ್ನು ಹಾಗೇ ಬಿಟ್ಟು, ಬಹಳ ಕಡಿಮೆ ಪವರ್‌ನಲ್ಲಿ ಒಂದು ಕ್ಷಣ ಕೀ ಒತ್ತಿದರು. ಆಂಟೆನಾನೇ ಇಲ್ಲ, ಮರಳಿ ಬರುವ ಶಕ್ತಿಯನ್ನು ನೋಡುವ ಎಸ್‌ಡಬ್ಲ್ಯುಆರ್ ಮೀಟರ್ ಮಾತ್ರ 1.6 ತೋರಿಸಿತು! ಇದೇ ಅಳತೆಯ ಒಳ್ಳೇ ಕೇಬಲ್ ಆಗಿದ್ದರೆ 5ರ ಹತ್ತಿರ ಹೋಗುತ್ತಿತ್ತು. ಹೋಗುವಾಗ ಅರ್ಧಕ್ಕಿಂತ ಹೆಚ್ಚು ಶಕ್ತಿ ಕೇಬಲ್ಲಿನೊಳಗೇ ಶಾಖವಾಗಿ ಕರಗುತ್ತದೆ, ತುದಿಯಿಂದ ಮರಳುವಾಗ ಉಳಿದದ್ದರಲ್ಲಿ ಮತ್ತೆ ಅಷ್ಟೇ ಪಾಲು. ಮೀಟರಿಗೆ ಕಾಣಲು ಉಳಿಯುವುದೇ ಚೂರು. ಹುಡುಗ ನಂಬಿದ್ದ 1.2ರ ಗುಟ್ಟು ಇದೇ.

ಸಿಪ್ಪೆ ಸೀಳಿದಾಗ ತಾಮ್ರದ ಜಾಲರಿ ಕಪ್ಪಗಾಗಿತ್ತು. ಕನೆಕ್ಟರ್ ಬಳಿ ಇಳಿದ ನೀರು, ಬತ್ತಿಗೆ ಎಣ್ಣೆ ಏರಿದ ಹಾಗೆ, ಜಾಲರಿಯುದ್ದಕ್ಕೂ ಹಬ್ಬಿತ್ತು. ನೀರು ಸೋಕದಿದ್ದರೂ ವಯಸ್ಸು ಬಿಡುವುದಿಲ್ಲ: ಸಾಧಾರಣ ಪಿವಿಸಿ ಸಿಪ್ಪೆಯನ್ನು ಮೆತ್ತಗಿಡುವ ರಾಸಾಯನಿಕ ವರ್ಷಗಟ್ಟಲೆ ಒಳಗಿನ ಪಾಲಿಥಿಲೀನಿಗೆ ಇಳಿದು ನಷ್ಟ ಹೆಚ್ಚಿಸುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ.

ಈಗ ನ್ಯಾನೋವಿಎನ್ಎ ಅನ್ನೋ ಅಂಗೈಯಗಲದ ಅಳತೆಯ ಉಪಕರಣ ಬಂದಿದೆ. ತುದಿ ಬಿಚ್ಚಿಟ್ಟು ರಿಟರ್ನ್ ಲಾಸ್ ನೋಡಿ, ಅದರ ಅರ್ಧವೇ ಕೇಬಲ್ಲಿನ ನಷ್ಟ. ಹಳೇ ಕೇಬಲ್ ಕೈಗೆ ಸಿಕ್ಕರೆ ದಯವಿಟ್ಟು ಇಷ್ಟು ಅಳೆಯದೆ ಮಾಸ್ಟಿಗೆ ಏರಿಸಬೇಡಿ.