ಬಲೂನ ಎದೆಯ ಗುರುತು

ಬೆಳಿಗ್ಗೆಯಿಂದ ಕಿರಿಕಿರಿ ಮಾಡುತ್ತಿರುವುದು ಒಂದು ಬಣ್ಣ. ಡಿಸ್ನಿಯ ‘ದಿ ಜಂಗಲ್ ಬುಕ್’ ಚಿತ್ರದ ಬಲೂ ಎಂಬ ಕರಡಿಯ ಬೂದು ಬಣ್ಣ. 1967ರಲ್ಲಿ ತೆರೆಕಂಡ ಈ ಕಾರ್ಟೂನ್ ಚಿತ್ರವನ್ನು ಮಕ್ಕಳಿಗೆ ಹಚ್ಚಿಕೊಟ್ಟು ದೊಡ್ಡವರು ಎದ್ದು ಹೋಗುವುದು ರೂಢಿ. ಎದ್ದು ಹೋಗದೆ ಕೂತು ನೋಡಿದರೆ, ಅದರಲ್ಲೂ ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸೀಮೆಯವರು ಕೂತು ನೋಡಿದರೆ, ಮೊದಲು ಕಣ್ಣಿಗೆ ಚುಚ್ಚುವುದು ಇದೇ. ನಮ್ಮ ಕರಡಿ ಕಪ್ಪು. ಮೈತುಂಬ ಜಡೆಗಟ್ಟಿದ ಉದ್ದ ಕೂದಲು, ಮಾಸಲು ಮೂತಿ, ಎದೆಯ ಮೇಲೆ ಹಾಲುಬಣ್ಣದ ‘ವಿ’ ಆಕಾರದ ಪಟ್ಟೆ. ಬಲೂಗೆ ಜಡೆಯೂ ಇಲ್ಲ, ಪಟ್ಟೆಯೂ ಇಲ್ಲ. ಹಬ್ಬದ ದಿನ ತಿಕ್ಕಿ ತಲೆಗೆರೆದು ಕಳಿಸಿದ ಹುಡುಗನ ಹಾಗಿದ್ದಾನೆ. ಒಂದು ಬಣ್ಣಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದರೆ, ಬೇಕು. ಗುಡೇಕೋಟೆಯ ಬಂಡೆಗಳ ಪಕ್ಕದಲ್ಲಿ ಬೆಳೆಯುವ ಮಗು ಕರಡಿಯನ್ನು ಮೊದಲು ಟೀವಿಯಲ್ಲಿ ನೋಡಿ, ಆಮೇಲೆ ಹೊಲದ ಬದುವಿನಲ್ಲಿ ನೋಡುತ್ತದೆ. ಎರಡೂ ಒಂದೇ ಪ್ರಾಣಿ ಎಂದು ಅದಕ್ಕೆ ಗೊತ್ತಾಗಬೇಡವೇ?

ಚಿತ್ರದ ಉಳಿದ ತಪ್ಪುಗಳನ್ನು ಬೇಗ ದಾಟಿಬಿಡಬಹುದು. ಭಾರತದಲ್ಲೇ ಇಲ್ಲದ ಒರಾಂಗುಟಾನ್ ಇಲ್ಲಿ ಮಂಗಗಳ ರಾಜ. ಕಿಪ್ಲಿಂಗ್‌ನ ಮೂಲ ಪುಸ್ತಕದಲ್ಲಿ ಕಾಡಿನಲ್ಲಿ ಬೆಳೆದ ಹುಡುಗ ಮೌಗ್ಲಿಯ ಬೆನ್ನಿಗೆ ನಿಲ್ಲುವ ಹೆಬ್ಬಾವು ಇಲ್ಲಿ ಅವನನ್ನೇ ನುಂಗಲು ಹೊಂಚುತ್ತದೆ. ಪುಸ್ತಕಕ್ಕೆ ನಿಷ್ಠೆಯ ಮಾತೆತ್ತಿ ಪ್ರಯೋಜನವಿಲ್ಲ. ಮೂಲವನ್ನು ಬದಿಗಿಡಿ ಎಂದು ವಾಲ್ಟ್ ಡಿಸ್ನಿಯೇ ತನ್ನ ಕಥೆಗಾರರಿಗೆ ಹೇಳಿದ್ದ. 1894ರ ಆ ಪುಸ್ತಕವನ್ನು ಕಿಪ್ಲಿಂಗ್ ಬರೆದದ್ದೂ ಕಥೆ ನಡೆಯುವ ಸಿವನಿಯ ಕಾಡಿನಲ್ಲಿ ಕೂತಲ್ಲ, ಅಮೆರಿಕದ ವರ್ಮಾಂಟ್‌ನ ಹಿಮದಲ್ಲಿ. ಅವನ ಬಲೂ ಕಂದು ಬಣ್ಣದವ. ದೂರದರ್ಶನದಲ್ಲಿ ತೊಂಬತ್ತರ ದಶಕದಲ್ಲಿ ಬಂದ ಜಪಾನೀ ಧಾರಾವಾಹಿಯ ಮೌಗ್ಲಿ ಬೇರೆ, ಅದರ ಲೆಕ್ಕ ಬೇರೆ. ನನಗೆ ಬೇಕಾದದ್ದು ಕರಡಿ.

ಬಣ್ಣ ತಪ್ಪಿದ ಈ ಚಿತ್ರಗಾರರು ನಡತೆಯಲ್ಲಿ ಎಷ್ಟೊಂದು ಸರಿಯಾಗಿ ಬಿಡಿಸಿದ್ದಾರೆ ಎಂಬುದು ದೊಡ್ಡವರ ಕಣ್ಣಿಗೇ ಕಾಣುವಂಥದ್ದು. ಬಲೂ ಕಲ್ಲು ಮಗುಚಿ ಅಡಿಯಲ್ಲಿದ್ದ ಇರುವೆ ತಿನ್ನುತ್ತಾನೆ. ನಮ್ಮ ಕರಡಿಯ ಬದುಕು ಹೆಚ್ಚಾಗಿ ಇರುವೆ, ಗೆದ್ದಲುಗಳ ಮೇಲೆ ನಿಂತಿದೆ. ಅದಕ್ಕೆ ಮೇಲ್ದವಡೆಯ ನಡುವಿನ ಎರಡು ಹಲ್ಲುಗಳಿಲ್ಲ. ಹುತ್ತವನ್ನು ಉಗುರಿನಿಂದ ಬಗೆದು, ಮೂತಿ ಇಟ್ಟು, ಮೊದಲು ಉಫ್ ಎಂದು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆ ಮುಚ್ಚಿಕೊಂಡು ಆ ಹಲ್ಲಿಲ್ಲದ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರುತ್ತದೆ. ಆ ಸದ್ದು ನೂರು ಮೀಟರಿನಾಚೆಗೂ ಕೇಳುತ್ತದೆ. 1791ರಲ್ಲಿ ಇದಕ್ಕೆ ಹೆಸರಿಟ್ಟ ಇಂಗ್ಲಿಷ್ ಪ್ರಾಣಿವಿಜ್ಞಾನಿ ಜಾರ್ಜ್ ಶಾ ಉದ್ದ ಉಗುರು, ಇಲ್ಲದ ಹಲ್ಲು ನೋಡಿ, ದಕ್ಷಿಣ ಅಮೆರಿಕದ ಕಾಡಿನಲ್ಲಿ ಮರಕ್ಕೆ ಜೋತುಬೀಳುವ ಸ್ಲಾತ್‌ನ ಜಾತಿಗೇ ಇದನ್ನು ಸೇರಿಸಿಬಿಟ್ಟಿದ್ದ. ಬಲೂ ಮರಕ್ಕೆ ಬೆನ್ನು ಉಜ್ಜುವುದೂ ಸರಿ. ಕೊನೆಗೆ ಹುಲಿಯ ಬಾಲ ಹಿಡಿದು ಬಿಡದೆ ನಿಲ್ಲುತ್ತಾನಲ್ಲ, ಅದಂತೂ ಇನ್ನೂ ಸರಿ. ಹುಲಿಗಳ ಜೊತೆಗೇ ಬಾಳಿ ಬಂದ ಈ ಪ್ರಾಣಿ ಎದುರಾಳಿಯನ್ನು ಕಂಡರೆ ಓಡುವುದಕ್ಕಿಂತ ಎದ್ದುನಿಂತು ಮೇಲೆ ಬೀಳುವುದನ್ನೇ ನೆಚ್ಚಿಕೊಂಡಿದೆ. ಮೌಗ್ಲಿಯನ್ನು ಹೊಟ್ಟೆಯ ಮೇಲೆ ಕೂರಿಸಿಕೊಂಡು ಬಲೂ ಹೊಳೆಯಲ್ಲಿ ತೇಲುವ ದೃಶ್ಯ ಮಾತ್ರ ಅರ್ಧ ಸರಿ: ನಮ್ಮ ತಾಯಿಕರಡಿ ಮರಿಗಳನ್ನು ಹೊರುವುದು ಬೆನ್ನ ಮೇಲೆ, ಅದೂ ತಿಂಗಳುಗಟ್ಟಲೆ.

ಇನ್ನು ಕುಣಿತ. ಬಲೂ ಹಾಡಿಗೆ ಕುಣಿಯುವುದನ್ನು ನೋಡಿ ಮಕ್ಕಳು ಕೇಕೆ ಹಾಕುತ್ತಾರೆ. ಆದರೆ ಆ ಚಿತ್ರ ಬಂದ ಕಾಲಕ್ಕೆ ನಮ್ಮ ಬೀದಿಗಳಲ್ಲಿ ಇದೇ ಜಾತಿಯ ಕರಡಿ ಮೂಗಿಗೆ ತೂತು ಕೊರೆಸಿಕೊಂಡು, ಹಗ್ಗದ ಜಗ್ಗಾಟಕ್ಕೆ ಹೆದರಿ ಕುಣಿಯುತ್ತಿತ್ತು. ಹೆದರಿದ ಮಗುವನ್ನು ಅದರ ಬೆನ್ನ ಮೇಲೆ ಕೂರಿಸುವುದು, ಅದರ ಕೂದಲನ್ನು ತಾಯತಕ್ಕೆ ಕಟ್ಟುವುದು ಊರೂರಲ್ಲಿ ನಡೆದಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೂ ಇದು ನಿಲ್ಲಲು ದಶಕಗಳೇ ಬೇಕಾದವು. ಕುಣಿಸುತ್ತಿದ್ದ ಕಲಂದರರಿಗೆ ಬೇರೆ ಕಸುಬು ಸಿಕ್ಕ ಮೇಲೆಯೇ ಕರಡಿಗೆ ಬಿಡುಗಡೆ. ಬನ್ನೇರುಘಟ್ಟದ ಆಶ್ರಯಧಾಮದಲ್ಲಿ ಅಂಥ ಕರಡಿಗಳು ಉಳಿದ ಆಯುಷ್ಯ ಕಳೆದವು. ಇದನ್ನು ಬಲ್ಲವರು ಬಲೂನ ಕುಣಿತವನ್ನು ಹಳಿಯಬೇಕೇ? ನನಗೆ ಹಾಗನ್ನಿಸುವುದಿಲ್ಲ. ಹಗ್ಗವಿಲ್ಲದೆ, ಕೋಲಿಲ್ಲದೆ, ತನ್ನ ಖುಷಿಗೆ ತಾನೇ ಕುಣಿಯುವ ಕರಡಿಯನ್ನು ತೋರಿಸಿದ್ದು ಆ ಚಿತ್ರದ ದೊಡ್ಡ ಗುಣ. ಕರಡಿ ಹಾಡುವುದು ಸುಳ್ಳು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕಥೆಯಲ್ಲಿ ಪ್ರಾಣಿ ಮಾತಾಡುವುದನ್ನು ಪಂಚತಂತ್ರದ ನಾಡಿನವರಿಗೆ ಹೇಳಿಕೊಡಬೇಕಿಲ್ಲ.

ಸುಳ್ಳು ಇರುವುದು ಕೊನೆಯಲ್ಲಿ. ಕೊಡ ಹೊತ್ತ ಹುಡುಗಿಯ ಹಿಂದೆ ಮೌಗ್ಲಿ ಊರೊಳಗೆ ಹೋಗುತ್ತಾನೆ; ಬಲೂ ಮತ್ತು ಕರಿಚಿರತೆ ಬಘೀರಾ ಹಾಡುತ್ತ ಕಾಡಿಗೆ ಮರಳುತ್ತಾರೆ. ಊರು ಅತ್ತ, ಕಾಡು ಇತ್ತ, ನಡುವೆ ಒಂದು ಗೆರೆ. ಇಡೀ ಕಥೆ ನಡೆದದ್ದೇ ಈ ಗೆರೆ ಎಳೆಯುವುದಕ್ಕಾಗಿ. ಆದರೆ ಕೂಡ್ಲಿಗಿ ತಾಲ್ಲೂಕಿನಲ್ಲಿ ಆ ಗೆರೆಯನ್ನು ಎಲ್ಲಿ ಎಳೆಯುತ್ತೀರಿ? ಇಲ್ಲಿ ಕಾಡೆಂದರೆ ಒಂದರ ಮೇಲೊಂದು ಕೂತ ಬಂಡೆಗುಡ್ಡ, ಕುರುಚಲು ಗಿಡ; ಗುಡ್ಡದ ಬುಡಕ್ಕೇ ಶೇಂಗಾ ಹೊಲ, ಮೆಕ್ಕೆಜೋಳದ ಹೊಲ. ಕರಡಿ ಹಗಲೆಲ್ಲ ಬಂಡೆಯ ಗವಿಯಲ್ಲಿ ಮಲಗಿ, ಹೊತ್ತು ಮುಳುಗಿದ ಮೇಲೆ ಇಳಿಯುತ್ತದೆ. ಕಾರೆ, ಕವಳೆ, ಬಾರೆ ಹಣ್ಣು ಮುಗಿದ ಕಾಲಕ್ಕೆ ಹೊಲವೇ ಅದರ ದಾರಿ. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಕೊಟ್ಟರೆ ರೈತನೂ ಅದೇ ಹೊತ್ತಿಗೆ ಟಾರ್ಚು ಹಿಡಿದು ಮೋಟರು ಹಾಕಲು ಹೋಗುತ್ತಾನೆ. ಬೆನ್ನ ಮೇಲೆ ಮರಿ ಹೊತ್ತ ತಾಯಿ, ತಿರುವಿನಲ್ಲಿ ದಿಢೀರನೆ ಎದುರಾದ ಮನುಷ್ಯ: ಇಬ್ಬರಿಗೂ ಹಿಂದೆ ಸರಿಯಲು ಸಮಯವಿರುವುದಿಲ್ಲ. ಮುಖ ಹರಿದುಕೊಂಡು ಆಸ್ಪತ್ರೆ ಸೇರಿದವರ ಸುದ್ದಿ ಈ ತಾಲ್ಲೂಕುಗಳಲ್ಲಿ ಹೊಸದಲ್ಲ.

ಹಾಗಿದ್ದರೆ ಆ ಗೆರೆಯೇ ಒಳ್ಳೆಯದಲ್ಲವೇ, ಕರಡಿ ಕಾಡಿನಲ್ಲಿ ಮನುಷ್ಯ ಊರಿನಲ್ಲಿ ಇದ್ದರೆ ಯಾರಿಗೂ ಪೆಟ್ಟಿಲ್ಲವಲ್ಲ ಎಂಬ ಆಕ್ಷೇಪ ಬರುತ್ತದೆ. ಪೆಟ್ಟು ತಿಂದ ಮನೆಯವರ ಬಾಯಲ್ಲಿ ಆ ಮಾತಿಗೆ ತೂಕವಿದೆ, ಅದನ್ನು ತಳ್ಳಿಹಾಕಲಾರೆ. ಗೆರೆ ಎಳೆಯುವ ಕೆಲಸ ಆಗಿಯೂ ಇದೆ. ದರೋಜಿ ಕರಡಿಧಾಮ ಆದದ್ದು 1994ರಲ್ಲಿ, ಗುಡೇಕೋಟೆಯದು 2013ರಲ್ಲಿ. ಎರಡೂ ಬೇಕಾಗಿದ್ದವು, ಅವಿಲ್ಲದಿದ್ದರೆ ಬಂಡೆಗಳು ಕ್ವಾರಿಯ ಪಾಲಾದಾವೆಂಬ ಭಯ ಇದ್ದೇ ಇರುತ್ತಿತ್ತು. ದರೋಜಿಯಲ್ಲಿ ಮಧ್ಯಾಹ್ನ ಬಂಡೆಗೆ ಬೆಲ್ಲದ ಪಾಕ ಸವರಿ, ಇಳಿಹೊತ್ತಿಗೆ ಅದನ್ನು ನೆಕ್ಕಲು ಬರುವ ಕರಡಿಗಳನ್ನು ಜನ ಗೋಪುರದಿಂದ ನೋಡುತ್ತಾರೆ. ಆದರೆ ನಕ್ಷೆಯ ಗೆರೆ ಕರಡಿಗೆ ತಿಳಿಯುವುದಿಲ್ಲ, ಧಾಮದ ಹೊರಗಿನ ಗುಡ್ಡಗಳಲ್ಲೂ ಅದು ಇದೆ. ಗೆರೆ ನಂಬಿದ ಮಗು, ಗೆರೆಯ ಈಚೆ ಕಂಡ ಕರಡಿಯನ್ನು ದಾರಿತಪ್ಪಿ ನುಗ್ಗಿದ ಕಳ್ಳನೆಂದೇ ತಿಳಿಯುತ್ತದೆ. ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ ಎಂದು ನಾವು ಮೊದಲೇ ಅದನ್ನು ಬೇಡದ ಅತಿಥಿ ಮಾಡಿ ಕೂರಿಸಿದ್ದೇವೆ. ಅದಕ್ಕಿಂತ ಕರಡಿಯ ಹೊತ್ತು ಯಾವುದು, ಹೊಲಕ್ಕೆ ಹೋಗುವಾಗ ಕೆಮ್ಮುತ್ತ ಮಾತಾಡುತ್ತ ಯಾಕೆ ಹೋಗಬೇಕು, ಪಂಪ್‌ಸೆಟ್ಟಿಗೆ ಹಗಲು ಕರೆಂಟು ಯಾಕೆ ಬೇಕು ಎಂದು ಮಗುವಿಗೆ ತಿಳಿದರೆ ಇಬ್ಬರಿಗೂ ಕ್ಷೇಮ.

ಹೀಗೆ ಯೋಚಿಸುತ್ತ ಹೋದರೆ ನೆನಪಾಗುವವನು ರಾಮಾಯಣದ ಕರಡಿ ಜಾಂಬವಂತ. ಕಿಷ್ಕಿಂಧೆ ಎಂದು ಜನ ನಂಬುವ ಆನೆಗೊಂದಿ, ಹಂಪಿಯ ನೆಲ ಇಲ್ಲಿಂದ ದೂರವಲ್ಲ. ಕಡಲ ತಡಿಯಲ್ಲಿ ಎಲ್ಲರೂ ಕೈಚೆಲ್ಲಿ ಕೂತಾಗ ಹನುಮಂತನಿಗೆ ಅವನ ಬಲವನ್ನು ನೆನಪಿಸಿದ ಹಿರಿಯ ಅವನು. ಸ್ಯಮಂತಕ ಮಣಿಗಾಗಿ ಕೃಷ್ಣನ ಜೊತೆ ಇಪ್ಪತ್ತೆಂಟು ದಿನ ಸೆಣಸಿ, ಕಡೆಗೆ ಮಗಳನ್ನು ಕೊಟ್ಟು ಮಾವನಾದವನು. ಕಿಪ್ಲಿಂಗ್‌ನ ಬಲೂ ಮರಿಗಳಿಗೆ ಕಾಡಿನ ಕಟ್ಟಳೆ ಕಲಿಸುವ ಮೇಷ್ಟ್ರು. ಡಿಸ್ನಿ ಆ ಮೇಷ್ಟ್ರುತನವನ್ನು ಕಳಚಿ ಅವನನ್ನು ಉಡಾಳ ಗೆಳೆಯನನ್ನಾಗಿ ಮಾಡಿತು. ಮೇಷ್ಟ್ರಾದ ಕರಡಿ ನಮ್ಮ ಪುರಾಣಕ್ಕೆ ಹೊಸಬನೇ ಅಲ್ಲ. 2005ರ ‘ಹನುಮಾನ್’ ಬಂದಂದಿನಿಂದ ನಮ್ಮವರ ಕಾರ್ಟೂನ್ ಚಿತ್ರಗಳಲ್ಲಿ ಹನುಮಂತನಿಗೆ ಬರವಿಲ್ಲ. ಜಾಂಬವಂತನನ್ನೇ ನಾಯಕನನ್ನಾಗಿ ಮಾಡಿ ಬರೆಯುವವರು ಯಾರಾದರೂ ಇದ್ದರೆ, ಕುಂಚ ಹಿಡಿಯುವ ಮೊದಲು ಒಂದು ವಾರ ಗುಡೇಕೋಟೆಗೆ ಬರಲಿ. ಎದೆಯ ಮೇಲಿನ ಆ ಪಟ್ಟೆ ಒಂದೊಂದು ಕರಡಿಗೆ ಒಂದೊಂದು ತೆರ. ಅದನ್ನು ಬರೆದುಕೊಳ್ಳಲಿ. ಹುತ್ತ ಹೀರುವ ಸದ್ದನ್ನೂ ದಾಖಲಿಸಿಕೊಳ್ಳಲಿ.