ಗ್ರೀನ್‌ಹ್ಯಾಂ ಗೋಮಾಳದಲ್ಲಿ ಒಂದು ಮಧ್ಯಾಹ್ನ



ಇಂಗ್ಲೆಂಡಿಗೆ ಹೋಗಿ ಬಂದವರು ಸಾಮಾನ್ಯವಾಗಿ ಲಂಡನ್ನಿನ ಅರಮನೆ, ಸೇತುವೆ, ಗಡಿಯಾರ ಗೋಪುರಗಳ ಬಗ್ಗೆ ಬರೆಯುತ್ತಾರೆ. ನಾನು ಇಂದು ನಿಮ್ಮನ್ನು ದನ ಮೇಯುವ ಒಂದು ಬಯಲಿಗೆ ಕರೆದೊಯ್ಯುತ್ತೇನೆ. ಸಾಮಾನ್ಯ ಹೆಂಗಸರು ಹತ್ತೊಂಬತ್ತು ವರ್ಷ ಠಿಕಾಣಿ ಹೂಡಿದ್ದ ಜಾಗವದು.

ನನ್ನ ತಮ್ಮ ರೆಡಿಂಗ್ ಎಂಬ ಊರಿನಲ್ಲಿ ಉದ್ಯೋಗದಲ್ಲಿದ್ದಾನೆ. ಬೇಸಿಗೆ ರಜೆಯಲ್ಲಿ ಅವನ ಮನೆಗೆ ಹೋಗಿದ್ದಾಗ ಒಂದು ದಿನ ನ್ಯೂಬರಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಗ್ರೀನ್‌ಹ್ಯಾಂ ಕಾಮನ್ ತಲುಪಿದೆವು. ಕಾಮನ್ ಎಂದರೆ ನಮ್ಮ ಹಳ್ಳಿಗಳ ಗೋಮಾಳದಂತೆಯೇ. ಮುಳ್ಳು ಪೊದೆಗಳ ತುಂಬ ಹಳದಿ ಹೂ. ದನಗಳು ಯಾರ ಹಂಗೂ ಇಲ್ಲದೆ ಮೇಯುತ್ತಿದ್ದವು. ನಡುವೆ ವಿಮಾನಗಳ ರನ್‌ವೇಯ ಒಂದು ತುಂಡು ಇನ್ನೂ ಉಳಿದಿದೆ. ದೂರದಲ್ಲಿ ಬೇಲಿಯೊಳಗೆ ಹುಲ್ಲು ಬೆಳೆದ ಆರು ದಿಬ್ಬಗಳು ಕಾಣುತ್ತವೆ. ಅವು ನಿಜವಾದ ಗುಡ್ಡಗಳಲ್ಲ. ಅಮೆರಿಕದ ಅಣು ಕ್ಷಿಪಣಿಗಳನ್ನು ಅಡಗಿಸಿಡಲು ಕಟ್ಟಿದ ಕಾಂಕ್ರೀಟ್ ಕೋಠಿಗಳು.

ಇಲ್ಲಿದ್ದ ವಾಯುನೆಲೆಗೆ 96 ಕ್ಷಿಪಣಿಗಳು ಬರಲಿವೆ ಎಂದು ತಿಳಿದಾಗ, 1981ರ ಆಗಸ್ಟ್ ಕೊನೆಯಲ್ಲಿ ವೇಲ್ಸ್‌ನ ಕಾರ್ಡಿಫ್ ನಗರದಿಂದ 36 ಮಹಿಳೆಯರು ನಡೆದು ಹೊರಟರು. ಜೊತೆಯಲ್ಲಿ ಕೆಲವು ಗಂಡಸರೂ ಮಕ್ಕಳೂ ಇದ್ದರು. ಸುಮಾರು 180 ಕಿಲೋಮೀಟರ್ ನಡೆದು ಸೆಪ್ಟೆಂಬರ್ 5ರಂದು ಇಲ್ಲಿ ತಲುಪಿದರು. ಸರಕಾರದವರು ತಮ್ಮೊಂದಿಗೆ ಬಹಿರಂಗ ಚರ್ಚೆ ನಡೆಸಲಿ ಎಂಬುದಷ್ಟೇ ಅವರ ಬೇಡಿಕೆ. ಯಾರೂ ಕಿವಿಗೊಡಲಿಲ್ಲ. ಅವರು ಮನೆಗೆ ಮರಳಲಿಲ್ಲ, ಬೇಲಿಯ ಪಕ್ಕದಲ್ಲೇ ಉಳಿದರು.

ಅಲ್ಲಿನ ಚಳಿಯನ್ನು ನಾವು ಊಹಿಸಲಾರೆವು. ಕೊಂಬೆಗಳನ್ನು ಬಾಗಿಸಿ ಪ್ಲಾಸ್ಟಿಕ್ ಹೊದಿಸಿದ ಗೂಡುಗಳೇ ಅವರ ಮನೆ. ಅಧಿಕಾರಿಗಳು ಬಂದು ಕಿತ್ತು ಹಾಕುವರು, ಇವರು ಮತ್ತೆ ಕಟ್ಟುವರು. 'ಮನೆ ಮಕ್ಕಳನ್ನು ಬಿಟ್ಟು ಬಂದವರು' ಎಂಬ ನಿಂದೆಯನ್ನೂ ಸಹಿಸಿದರು. ಮಕ್ಕಳಿಗಾಗಿಯೇ ಬಂದಿದ್ದೇವೆ ಎಂಬುದು ಅವರ ಉತ್ತರವಾಗಿತ್ತು. 1982ರ ಡಿಸೆಂಬರ್ 12ರಂದು ಸುಮಾರು 30,000 ಮಹಿಳೆಯರು ಕೈ ಕೈ ಹಿಡಿದು ಸುಮಾರು 14 ಕಿಲೋಮೀಟರ್ ಉದ್ದದ ಬೇಲಿಯನ್ನು ಸುತ್ತುವರಿದರು. ಮುಳ್ಳುತಂತಿಗೆ ಮಕ್ಕಳ ಅಂಗಿ, ಆಟಿಕೆ, ಫೋಟೋಗಳನ್ನು ಕಟ್ಟಿದರು. 1983ರ ಹೊಸವರ್ಷದ ಮುಂಜಾವಿನಲ್ಲಿ 44 ಮಂದಿ ಏಣಿಯಿಟ್ಟು ಬೇಲಿ ದಾಟಿ, ಕಟ್ಟುತ್ತಿದ್ದ ಆ ಕೋಠಿಗಳ ಮೇಲೆ ಹತ್ತಿದರು. ಅನೇಕರು ಜೈಲು ಸೇರಿದರು.

ಆದರೂ ಅದೇ ವರ್ಷದ ನವೆಂಬರಿನಲ್ಲಿ ಕ್ಷಿಪಣಿಗಳು ಬಂದೇಬಿಟ್ಟವು. ನಾವಾಗಿದ್ದರೆ 'ಇನ್ನು ಪ್ರಯೋಜನವಿಲ್ಲ' ಎಂದು ಎದ್ದು ಹೋಗುತ್ತಿದ್ದೆವೇನೋ. ಅವರು ಕೂತರು. 1987ರಲ್ಲಿ ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಪ್ಪಂದ ಮಾಡಿಕೊಂಡವು. 1991ರಲ್ಲಿ ಕೊನೆಯ ಕ್ಷಿಪಣಿಗಳು ಹೊರಟುಹೋದವು. ಎಲ್ಲವೂ ಈ ಹೆಂಗಸರಿಂದಲೇ ಆಯಿತೆಂದು ನಾನು ಹೇಳುವುದಿಲ್ಲ, ಒಪ್ಪಂದಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಗುಟ್ಟಾಗಿ ನಡೆಯಬೇಕಾಗಿದ್ದ ಕೆಲಸವನ್ನು ಅವರು ಜಗತ್ತಿನ ಕಣ್ಣ ಮುಂದಿಟ್ಟರು. 1989ರಲ್ಲಿ 22 ವರ್ಷದ ಹೆಲೆನ್ ಥಾಮಸ್ ಎಂಬ ವೇಲ್ಸ್‌ನ ಯುವತಿ ಶಿಬಿರದ ಬಳಿಯೇ ಪೊಲೀಸ್ ವಾಹನ ಬಡಿದು ಅಸುನೀಗಿದಳು. ಶಿಬಿರವಿದ್ದ ಜಾಗದಲ್ಲಿ ಈಗ ಒಂದು ಪುಟ್ಟ ಸ್ಮಾರಕ ತೋಟವಿದೆ. ಶಿಬಿರ ಮುಗಿದದ್ದು 2000ದಲ್ಲಿ. ಅದೇ ವರ್ಷ ಬೇಲಿ ತೆಗೆದು ಗೋಮಾಳವನ್ನು ಜನರಿಗೆ ಬಿಟ್ಟುಕೊಟ್ಟರು.

ಹುಲ್ಲಿನ ಮೇಲೆ ಚಾಪೆ ಹಾಸಿ ಝುಹರ್ ನಮಾಝ್ ಮುಗಿಸಿ ಕೂತಾಗ ನನಗೆ 1998ರ ಮೇ ತಿಂಗಳು ನೆನಪಾಯಿತು. ಪೋಖ್ರಾನ್ ಅಣು ಪರೀಕ್ಷೆಯ ಸುದ್ದಿ ಬಂದಾಗ ನಮ್ಮ ಪೇಟೆಯಲ್ಲಿ ಲಾಡು ಹಂಚಿದರು. ಆಗಿನ್ನೂ ಕಾಲೇಜು ಹುಡುಗಿ ನಾನು. ಒಂದನ್ನು ತಿಂದು, ಇನ್ನೊಂದನ್ನು ಉಮ್ಮನಿಗೆ ತಂದುಕೊಟ್ಟೆ. ಶಾಲೆಯ ಮೆಟ್ಟಿಲು ಹತ್ತದ ಉಮ್ಮ, "ಅದು ಬೀಳುವುದು ಯಾರ ಮೇಲೆ ಮಗಳೇ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಅದೇ ತಿಂಗಳ 28ರಂದು ಪಾಕಿಸ್ತಾನವೂ ಪರೀಕ್ಷೆ ನಡೆಸಿತು. ಅಲ್ಲಿಯೂ ಸಿಹಿ ಹಂಚಿದರು. ಅಲ್ಲಿಯೂ ಯಾವುದಾದರೂ ತಾಯಿ ಹೀಗೆ ಕೇಳಿರಬಹುದೇ?

ಯುದ್ಧದಲ್ಲೂ ಹೆಂಗಸರು ಮಕ್ಕಳನ್ನು ಕೊಲ್ಲಬಾರದೆಂಬ ಪ್ರವಾದಿ(ಸ)ಯವರ ಆದೇಶವನ್ನು ಮದ್ರಸದಲ್ಲಿ ನಾನೇ ಕಲಿತಿದ್ದೆ. ತೊಟ್ಟಿಲನ್ನೂ ಸೈನಿಕನನ್ನೂ ಬೇರ್ಪಡಿಸಿ ನೋಡಲಾಗದ ಅಸ್ತ್ರಕ್ಕೆ ಲಾಡು ತಿಂದವಳೂ ನಾನೇ. ಕಲಿತ ಪಾಠ ಕಲಿತ ಪುಟದಲ್ಲೇ ಉಳಿದಿತ್ತು.

ಆ 1987ರ ಒಪ್ಪಂದ 2019ರಲ್ಲಿ ಕೊನೆಗೊಂಡಿತು. ಇಂದಿಗೂ ಒಂಬತ್ತು ದೇಶಗಳ ಬಳಿ ಸುಮಾರು 12,000 ಅಣ್ವಸ್ತ್ರಗಳಿವೆ. ನಾವೆಲ್ಲ ಬೇಲಿಯ ಪಕ್ಕ ಗೂಡು ಕಟ್ಟಬೇಕಾಗಿಲ್ಲ, ಸಹೋದರಿಯರೇ. ಆಗಸ್ಟ್ 6 ಬಂದಾಗ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹಿರೋಷಿಮಾದ ಕಥೆ ಹೇಳೋಣ. ಯಾರಾದರೂ ಬಾಂಬಿನ ಹೆಸರಿನಲ್ಲಿ ಸಿಹಿ ಹಿಡಿದು ಬಂದರೆ, ಕೈ ಚಾಚುವ ಮೊದಲು ನನ್ನ ಉಮ್ಮ ಕೇಳಿದ ಪ್ರಶ್ನೆಯನ್ನು ಕೇಳೋಣ.