ಹೆಚ್ಚಾದ ಅಕ್ಕಿ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಪ್ರಸಂಗವನ್ನು ಕೇಳದೆ ಬೆಳೆದವರು ನಮ್ಮ ನಾಡಿನ ಮಠದ ಶಾಲೆಗಳಲ್ಲಿ ವಿರಳ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹವನ್ನು ನಡೆಸುವುದು ಮಾರಯ್ಯನ ಕಾಯಕವಾಗಿತ್ತು. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಮಿಗಿಲಾದುದು ಈ ಮನೆಗೆ ಸಲ್ಲದೆಂದು ಲಕ್ಕಮ್ಮನು ಅದನ್ನು ಮರಳಿ ಕಳುಹಿದಳು. ಕಥೆ ಇಷ್ಟೇ. ಆದರೆ ಇಷ್ಟರಲ್ಲಿಯೇ ಒಬ್ಬ ಮನುಷ್ಯನ ಇಡಿಯ ವೃತ್ತಿಜೀವನಕ್ಕೆ ಸಾಲುವಷ್ಟು ಬುತ್ತಿಯುಂಟು.

ನವಲಗುಂದ ತಾಲೂಕಿನ ಹಳ್ಳಿಯೊಂದರಿಂದ ಬಂದು, ಮಠದ ಪ್ರಸಾದ ನಿಲಯದಲ್ಲಿ ಉಂಡು ಕಲಿಯುತ್ತಿದ್ದ ಬಾಲಕನೊಬ್ಬನು ಸಂಜೆಯ ಪ್ರಾರ್ಥನೆಯ ಹೊತ್ತಿನಲ್ಲಿ ಈ ಕಥೆಯನ್ನು ಕೇಳಿ ಎದ್ದುನಿಂತು, “ಹೆಚ್ಚಿಗಿ ಅಕ್ಕಿ ಇದ್ರ ತಪ್ಪೇನ್ರೀ ಗುರುಗಳ, ನಾಳಿಗಿ ಆಗ್ತಿತ್ತಲ್ರೀ?” ಎಂದು ಕೇಳಿದನು. ಕನ್ನಡವನ್ನು ಕಲಿಸುತ್ತಿದ್ದ ಆ ಗುರುಗಳು ಗದರಿಸಲಿಲ್ಲ. “ಆಗ್ತಿತ್ತಪಾ. ಆದ್ರ ನಾಳಿಗಿ ಅಂತ ಇಟ್ಟದ್ದು ಯಾಕ ಇಟ್ಟಾರ ಅನ್ನೂದು ನಾಡದಿಗಿ ಯಾರಿಗೂ ನೆನಪಿರೂದಿಲ್ಲ. ಯಾಕಂತ ತಿಳೀಲಾರದ್ದನ್ನ ತೆಗಿಯಾಕ ಯಾರಿಗೂ ಧೈರ್ಯ ಬರೂದಿಲ್ಲ. ಹಿಂಗ ಉಗ್ರಾಣ ತುಂಬತೈತಿ” ಎಂದರು. ಹುಡುಗನು ಕುಳಿತನು. ಆ ಮಾತಿನ ಅರ್ಥವು ಆತನಿಗೆ ಹೊಳೆಯಲು ಮುಂದೆ ಅನೇಕ ವರ್ಷಗಳೇ ಬೇಕಾದವು.

ಆ ಹುಡುಗನು ಇಂಜಿನಿಯರಾಗಿ ಬೆಂಗಳೂರನ್ನು ಸೇರಿದನು. ಹೊಲಗಳ ಪಂಪುಸೆಟ್ಟುಗಳನ್ನು ತಾನಾಗಿಯೇ ನಡೆಯಿಸುವ ನಿಯಂತ್ರಕಗಳನ್ನು ತಯಾರಿಸುವ ಒಂದು ಕಂಪನಿಯಲ್ಲಿ ಆತನಿಗೆ ಕೆಲಸ ದೊರೆಯಿತು. ಆತನ ಪಾಲಿಗೆ ಬಂದುದು ಡ್ರೈವರ್‌ಗಳನ್ನು ಬರೆಯುವ ಕೆಲಸ. ಯಂತ್ರದ ಬಿಡಿಭಾಗಗಳಿಗೂ ಗಣಕದ ಮೂಲ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ನಿಲ್ಲುವ ಪ್ರೋಗ್ರಾಮಿಗೆ ಡ್ರೈವರ್ ಎಂದು ಹೆಸರು. ಯಂತ್ರದೊಳಗಿನ ಪ್ರತಿಯೊಂದು ಭಾಗಕ್ಕೂ ರಿಜಿಸ್ಟರ್ ಎಂಬ ಸಣ್ಣ ಕೋಣೆಗಳಿದ್ದು, ಪ್ರತಿ ಕೋಣೆಗೂ ಒಂದು ಸಂಖ್ಯೆಯ ವಿಳಾಸವಿರುತ್ತದೆ. ಇಂಥ ಕೋಣೆಯಲ್ಲಿ ಇಂಥ ಅಂಕಿಯನ್ನು ಬರೆದರೆ ಮೋಟಾರು ಚಾಲೂ ಆಗುತ್ತದೆ, ಮತ್ತೊಂದನ್ನು ಬರೆದರೆ ನಿಲ್ಲುತ್ತದೆ. ಈ ವಿಳಾಸಗಳನ್ನು ಪ್ರತಿಯೊಬ್ಬನೂ ತನ್ನ ತನ್ನ ಕಡತದಲ್ಲಿ ಬರೆದುಕೊಂಡರೆ ಒಬ್ಬನದು ತಪ್ಪಿ ಅನರ್ಥವಾದೀತೆಂದು, ಎಲ್ಲವನ್ನೂ ಒಂದೆಡೆ ಹೆಸರಿಟ್ಟು ಬರೆದಿಡುವ ಪದ್ಧತಿ ಇದೆ. ಅದೇ ಹೆಡರ್ ಫೈಲು. 1970ರ ದಶಕದ ಆರಂಭದಲ್ಲಿ ಅಮೆರಿಕೆಯ ಬೆಲ್ ಪ್ರಯೋಗಾಲಯದಲ್ಲಿ ಡೆನ್ನಿಸ್ ರಿಚಿ ಅವರು ರೂಪಿಸಿದ ಸಿ ಭಾಷೆಯಲ್ಲಿ ಈ ಪದ್ಧತಿಯು ಬೇರೂರಿತು. ಕಡತದ ತಲೆಯಲ್ಲಿ ‘ಇನ್‌ಕ್ಲೂಡ್’ ಎಂದು ಒಂದು ಸಾಲು ಬರೆದರೆ ಸಾಕು, ಆ ಹೆಡರಿನಲ್ಲಿರುವುದೆಲ್ಲವೂ ಅಕ್ಷರಶಃ ನಕಲಾಗಿ ಅಲ್ಲಿ ಬಂದು ಕೂಡುತ್ತದೆ.

ಸೌಕರ್ಯವಿದ್ದಲ್ಲಿಯೇ ಸಂಕಟವೂ ಇರುವುದು ಲೋಕರೂಢಿ. ಎಲ್ಲರಿಗೂ ಸೇರಿದ ಕಡತವಾದುದರಿಂದ ಎಲ್ಲರೂ ಅದಕ್ಕೆ ತಮ್ಮದೊಂದು ಸಾಲನ್ನು ಸೇರಿಸುತ್ತಾರೆ, ಯಾರೂ ತೆಗೆಯುವುದಿಲ್ಲ. ಒಂದು ಹೆಡರು ಇನ್ನು ಹತ್ತು ಹೆಡರುಗಳನ್ನು ಕರೆತರುತ್ತದೆ, ಅವು ಮತ್ತೆ ಹತ್ತನ್ನು. ಇನ್ನೂರು ಸಾಲಿನ ಸಣ್ಣ ಕಡತವು ಕಂಪೈಲರಿನ ಬಾಯಿಗೆ ಬೀಳುವ ಹೊತ್ತಿಗೆ ಸಾವಿರಾರು ಸಾಲುಗಳ ಹೊರೆಯಾಗಿರುತ್ತದೆ. ಸಾಮೂಹಿಕ ಹೆಡರಿನಲ್ಲಿ ಒಂದು ಅಕ್ಷರವನ್ನು ತಿದ್ದಿದರೂ ಅದನ್ನು ಅವಲಂಬಿಸಿದ ಕಡತಗಳೆಲ್ಲವನ್ನೂ ಹೊಸದಾಗಿ ಕಟ್ಟಬೇಕು. ಇದಕ್ಕಿಂತಲೂ ಕಷ್ಟದ ಸಂಗತಿ ಇನ್ನೊಂದುಂಟು. ಒಂದು ಕಡತವು ತನಗೆ ಬೇಕಾದ ಹೆಸರನ್ನು ತಾನು ಕೇಳಿಯೇ ಇರುವುದಿಲ್ಲ; ಬೇರೆ ಯಾವುದೋ ಹೆಡರಿನ ಬೆನ್ನು ಹತ್ತಿ ಅದು ತಾನಾಗಿ ಬಂದಿರುತ್ತದೆ. ಯಾರು ಯಾರ ಋಣದಲ್ಲಿದ್ದಾರೆಂಬುದು ಅವರಿಗೇ ಗೊತ್ತಿರುವುದಿಲ್ಲ.

ಇದು ಒಂದು ಸಣ್ಣ ಕಂಪನಿಯ ಕಷ್ಟ ಮಾತ್ರವೆಂದು ಭಾವಿಸಬೇಕಾಗಿಲ್ಲ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅವರು ಆರಂಭಿಸಿ, ಇಂದು ಜಗತ್ತಿನಾದ್ಯಂತ ಸಾವಿರಾರು ಮಂದಿ ಕೂಡಿ ಬರೆಯುತ್ತಿರುವ ಲಿನಕ್ಸ್ ಎಂಬ ಮೂಲ ವ್ಯವಸ್ಥೆಯಲ್ಲಿಯೂ ಇದೇ ವ್ಯಾಧಿ ಕಾಣಿಸಿಕೊಂಡಿತು. ಮೊಬೈಲು ಮೊದಲಾದ ಉಪಕರಣಗಳಲ್ಲಿರುವ ಆರ್ಮ್ ಜಾತಿಯ ಚಿಪ್ಪುಗಳಿಗಾಗಿ ಪ್ರತಿಯೊಂದು ಚಿಪ್ಪಿನ ಮನೆತನವೂ ಬೇರೆ ಬೇರೆ ಕೋಣೆಯಲ್ಲಿ ಒಂದೇ ಹೆಸರಿನ ಹೆಡರುಗಳನ್ನು ಇಟ್ಟುಕೊಂಡಿತ್ತು. ಹೆಸರು ಒಂದೇ, ಒಳಗಿನ ವಿಷಯ ಬೇರೆ. ಇದರಿಂದ ಒಂದು ಚಿಪ್ಪಿಗೆ ಕಟ್ಟಿದ ವ್ಯವಸ್ಥೆಯು ಇನ್ನೊಂದಕ್ಕೆ ಆಗುತ್ತಿರಲಿಲ್ಲ. 2011ರಲ್ಲಿ ಟೊರ್ವಾಲ್ಡ್ಸ್ ಅವರು ಈ ಅವ್ಯವಸ್ಥೆಯ ಬಗೆಗೆ ಬಹಿರಂಗವಾಗಿಯೇ ಸಿಡಿಮಿಡಿಗೊಂಡರು. ಅನೇಕರು ಕೂಡಿ ಆ ಹೆಡರುಗಳನ್ನು ಒಂದೊಂದಾಗಿ ಬಿಡಿಸಿ, ತಕ್ಕ ತಾಣಗಳಿಗೆ ಸಾಗಿಸಿದ ಮೇಲೆ, 2012ರ ಡಿಸೆಂಬರಿನಲ್ಲಿ ಹೊರಬಂದ 3.7ನೆಯ ಆವೃತ್ತಿಯಲ್ಲಿ ಹಲವು ಮನೆತನದ ಚಿಪ್ಪುಗಳಿಗೆ ಒಂದೇ ವ್ಯವಸ್ಥೆಯನ್ನು ಕಟ್ಟುವುದು ಸಾಧ್ಯವಾಯಿತು. ಹೀಗೆ ಬಿಡಿಸಬೇಕಾಗಿದ್ದ ಚಿಪ್ಪುಗಳಲ್ಲಿ 1985ರಿಂದ ಬೆಂಗಳೂರಿನಲ್ಲಿ ಕೇಂದ್ರವನ್ನು ಹೊಂದಿರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವೂ ಇದ್ದವು. ಮುಂದೆ 2022ರ ಜನೆವರಿಯಲ್ಲಿ ಇಂಗೊ ಮೊಲ್ನಾರ್ ಎಂಬವರು ಒಂದು ವರ್ಷಕ್ಕೂ ಮಿಕ್ಕಿದ ಪರಿಶ್ರಮದಿಂದ ಸುಮಾರು 2,300 ತಿದ್ದುಪಡಿಗಳನ್ನು ಸಿದ್ಧಪಡಿಸಿ, ಹೆಡರುಗಳ ಜಡೆಯನ್ನು ಬಿಡಿಸಿದರೆ ಕಟ್ಟುವ ವೇಗವು ಶೇಕಡಾ 50ರಿಂದ 80ರಷ್ಟು ಹೆಚ್ಚುವುದೆಂದು ತೋರಿಸಿಕೊಟ್ಟರು. ಅಷ್ಟಾದರೂ ಆ ಕಾರ್ಯವು ಇಡಿಯಾಗಿ ಮೂಲದಲ್ಲಿ ಸೇರಲಿಲ್ಲ. ಕೆಲವು ಭಾಗಗಳು ಮಾತ್ರ ಮೆಲ್ಲಮೆಲ್ಲನೆ ಸೇರಿದವು. ಸಾಮೂಹಿಕವಾದುದನ್ನು ಶುಚಿಗೊಳಿಸುವುದು ಎಷ್ಟು ಕಠಿಣವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಅದಿರಲಿ. ನವಲಗುಂದದ ಆ ತರುಣನ ಮುಂದೆಯೂ ಇಂಥದೇ ಒಂದು ಹೆಡರು ಬಂದು ನಿಂತಿತು. ಹಲವು ವರ್ಷಗಳಿಂದ ಹಲವರ ಕೈಯಲ್ಲಿ ಬೆಳೆದು, ಈಗ ತಯಾರಾಗದೇ ಇದ್ದ ಬೋರ್ಡುಗಳ ಹೆಸರುಗಳನ್ನೂ ಹೊತ್ತುಕೊಂಡು ಅದು ಸಾವಿರಾರು ಸಾಲುಗಳಿಗೆ ಏರಿತ್ತು. ಗುರುಗಳ ಉಗ್ರಾಣದ ಮಾತು ಆತನಿಗೆ ನೆನಪಾಯಿತು, ಉತ್ಸಾಹವೂ ಉಕ್ಕಿತು. ಬೇಡವೆಂದು ಕಂಡ ಇನ್‌ಕ್ಲೂಡ್ ಸಾಲುಗಳನ್ನು ಒಂದೇ ವಾರದಲ್ಲಿ ಕಿತ್ತುಹಾಕಿದನು. ಎಲ್ಲಿ ತಪ್ಪಾಯಿತೋ ಅಲ್ಲಿ ಕಂಪೈಲರು ಕೂಗಿ ಹೇಳುತ್ತಿತ್ತು, ಅಲ್ಲಿ ಸರಿಪಡಿಸುತ್ತಿದ್ದನು. ಕೊನೆಗೆ ಕಂಪೈಲರು ಸುಮ್ಮನಾಯಿತು. ಮೇಜಿನ ಮೇಲಿದ್ದ ಹೊಸ ಬೋರ್ಡಿನಲ್ಲಿ ಎಲ್ಲವೂ ಸರಿಯಾಗಿ ನಡೆಯಿತು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ತರುಣನಿಗೆ ಕೊಂಚ ಹಮ್ಮು ಬಂದುದೂ ನಿಜವೇ.

ಆದರೆ ಕಂಪೈಲರಿನ ಮೌನವು ಯಾವಾಗಲೂ ಒಪ್ಪಿಗೆಯಲ್ಲ. ಒಂದು ಕಡತದಲ್ಲಿ, ಬೋರ್ಡು ಹಳೆಯ ಮಾದರಿಯದಾಗಿದ್ದರೆ ವಿದ್ಯುತ್ತು ಮರಳಿದ ಮೇಲೆ ಕೆಲವು ಮಿಲಿಸೆಕೆಂಡು ಕಾದು ಮುಂದುವರಿಯಬೇಕೆಂಬ ಷರತ್ತಿತ್ತು. ಹಳೆಯ ಮಾದರಿಯೆಂದು ಸೂಚಿಸುವ ಹೆಸರು ಕಿತ್ತುಹಾಕಿದ ಹೆಡರಿನ ಮೂಲಕ ಬರುತ್ತಿತ್ತು. ಸಿ ಭಾಷೆಯ ನಿಯಮವೇನೆಂದರೆ, ಇಂಥ ಷರತ್ತಿನಲ್ಲಿ ಪರಿಚಯವಿಲ್ಲದ ಹೆಸರು ಬಂದರೆ ಅದನ್ನು ತಪ್ಪೆಂದು ಹೇಳದೆ, ಸೊನ್ನೆಯೆಂದು ತಿಳಿದು ಮುಂದೆ ಸಾಗುವುದು. ಹೀಗಾಗಿ ಕಾಯುವ ಆ ಕ್ಷಣವು ಯಾರಿಗೂ ತಿಳಿಯದಂತೆ ಮಾಯವಾಯಿತು.

ಪರಿಣಾಮವು ಕಂಡುದು ಬೆಂಗಳೂರಿನ ಮೇಜಿನ ಮೇಲಲ್ಲ, ಬಯಲುಸೀಮೆಯ ಹೊಲದಲ್ಲಿ. ಹಳೆಯ ಬೋರ್ಡಿಗೆ ಈ ಹೊಸ ಪ್ರೋಗ್ರಾಮನ್ನು ಹಾಕಿಸಿಕೊಂಡಿದ್ದ ರೈತರೊಬ್ಬರು ದೂರವಾಣಿಯಲ್ಲಿ ಮಾತನಾಡಿದರು. ತ್ರೀ-ಫೇಸ್ ಕರೆಂಟು ನಡುರಾತ್ರಿಯಲ್ಲಿ ಬಂದು ಬೆಳಗಾಗುವುದರೊಳಗೆ ಹೋಗುತ್ತದೆ. ಕರೆಂಟು ಬಂದರೂ ನಾಲ್ಕು ರಾತ್ರಿ ಮೋಟಾರು ಏಳಲಿಲ್ಲ. ಉಳ್ಳಾಗಡ್ಡಿ ಒಣಗುತ್ತಿದೆ ಎಂದರು. “ನಿಮ್ಮ ಮಷೀನ ನಂಬಿ ಮಲಗಿದ್ವಿರೀ ಸಾಹೇಬ್ರ” ಎಂದು ಅವರು ಸಿಟ್ಟಿಲ್ಲದೆ ಆಡಿದ ಮಾತು ಬೈಗುಳಕ್ಕಿಂತ ಹೆಚ್ಚಾಗಿ ನೆಟ್ಟಿತು. ರಾತ್ರಿ ನೀರಿಗಾಗಿ ಎದ್ದು ಹೋಗುತ್ತಿದ್ದ ತಂದೆಯ ಕಂದೀಲಿನ ಬೆಳಕನ್ನು ನೋಡುತ್ತ ಬೆಳೆದ ಮಗನಿಗೆ ಆ ಮಾತಿನ ಭಾರವನ್ನು ಬೇರೆ ಯಾರೂ ತಿಳಿಸಿಕೊಡಬೇಕಾಗಿರಲಿಲ್ಲ. ಹಳೆಯ ಪ್ರೋಗ್ರಾಮನ್ನು ಅಂದೇ ಮರಳಿ ಹಾಕಿಸಿ, ತಪ್ಪು ತನ್ನದೆಂದು ಮೇಲಿನವರಿಗೆ ಬರೆದುಕೊಟ್ಟು, ಆತನು ರಜೆ ಹಾಕಿ ಊರಿಗೆ ಬಂದನು.

ಮಗನ ಮುಖವನ್ನು ನೋಡಿ ತಂದೆ ಎಲ್ಲವನ್ನೂ ಕೇಳಿಕೊಂಡರು. ಹೆಡರು, ಕಂಪೈಲರು ಅವರಿಗೆ ತಿಳಿಯುವಂತಿರಲಿಲ್ಲ. ಆದರೆ ನವಿಲುತೀರ್ಥದ ಜಲಾಶಯದಿಂದ ಮಲಪ್ರಭೆಯ ನೀರು ಕಾಲುವೆಯಲ್ಲಿ ಹರಿದು ಬರುವುದನ್ನೂ, 1980ರ ರೈತ ಬಂಡಾಯವನ್ನೂ ಕಂಡಿದ್ದ ಆ ಹಿರಿಯರಿಗೆ ಹತ್ತು ಮಂದಿಗೆ ಸೇರಿದ ವಸ್ತುವಿನ ಮರ್ಮವು ಚೆನ್ನಾಗಿ ಗೊತ್ತಿತ್ತು. “ತಮ್ಮಾ, ಹೊಲಗಾಲುವಿ ಬಾಯಿ ಮುಚ್ಚೂ ಮುಂದ ಕೆಳಗಿನ ಹೊಲದವ್ರನ್ನ ಒಂದ ಮಾತ ಕೇಳಬೇಕಪಾ. ನಿನ್ನ ಕಣ್ಣಿಗೆ ನೀರು ಸುಮ್ನ ಹರಿಯೂ ಹಂಗ ಕಾಣತೈತಿ. ಅದು ಯಾರದರ ಬೆಳಿಗೆ ಹೊಂಟಿರತೈತಿ” ಎಂದರು.

ಮರುದಿನ ಆತನು ನಿವೃತ್ತರಾಗಿದ್ದ ತನ್ನ ಗುರುಗಳನ್ನು ಕಂಡು, “ನಿಮ್ಮ ಮಾತ ನಂಬಿ ಉಗ್ರಾಣ ಖಾಲಿ ಮಾಡಾಕ ಹೋಗಿ ಕೆಟ್ಟೆರೀ” ಎಂದನು. ಗುರುಗಳು ನಕ್ಕರು. “ಕಥಿ ಅರ್ಧಾ ಕೇಳಿಯಪಾ. ಲಕ್ಕಮ್ಮ ಅಕ್ಕಿ ಚೆಲ್ಲಿ ಬಾ ಅನಲಿಲ್ಲ. ತಂದಲ್ಲೇ ಇಟ್ಟ ಬಾ ಅಂದ್ಲು. ಅದು ಬ್ಯಾಡಾದದ್ದು ಆಕಿ ಮನಿಗಿ, ಲೋಕಕ್ಕಲ್ಲ.”

ಇಷ್ಟು ಮಾತಿನಿಂದ ಆತನ ಕೆಲಸದ ರೀತಿಯೇ ಬದಲಾಯಿತು. ಶುಚಿಗೊಳಿಸುವುದೆಂದರೆ ಕಿತ್ತೊಗೆಯುವುದಲ್ಲ, ಪ್ರತಿಯೊಂದನ್ನೂ ಅದರ ಸ್ಥಾನಕ್ಕೆ ಮುಟ್ಟಿಸುವುದೆಂದು ತಿಳಿದು, ಮರಳಿ ಹೋಗಿ ಮೊದಲಿನಿಂದ ಆರಂಭಿಸಿದನು. ಹೆಡರಿನಲ್ಲಿದ್ದ ಒಂದೊಂದು ಹೆಸರನ್ನೂ ಹಿಡಿದು, ಅದನ್ನು ಯಾವ ಯಾವ ಕಡತಗಳು ಬಳಸುತ್ತವೆಂದು ಹುಡುಕಿದನು. ಒಂದೇ ಡ್ರೈವರಿಗೆ ಸೇರಿದ ಹೆಸರನ್ನು ಆ ಡ್ರೈವರಿನ ಬಳಿಗೇ ಕೊಂಡೊಯ್ದನು. ಅನೇಕರಿಗೆ ಬೇಕಾದುದನ್ನು ಮಾತ್ರ ಸಾಮೂಹಿಕ ಹೆಡರಿನಲ್ಲಿ ಉಳಿಸಿದನು. ಪ್ರತಿಯೊಂದು ಕಡತವೂ ತನಗೆ ಬೇಕಾದುದನ್ನು ಇನ್ನೊಬ್ಬರ ಬೆನ್ನ ಹಿಂದಿನಿಂದ ಪಡೆಯದೆ, ತನ್ನ ತಲೆಬರಹದಲ್ಲಿ ತಾನೇ ಹೆಸರು ಹೇಳಿ ಕೇಳುವಂತೆ ಮಾಡಿದನು. ದೊಡ್ಡ ದತ್ತಾಂಶದ ವಿಳಾಸವಷ್ಟೇ ಸಾಕಾಗುವಲ್ಲಿ ಅದರ ಇಡಿಯ ವಿವರಣೆಯನ್ನು ಎಳೆದು ತರದೆ, ಅಂಥದೊಂದು ಇದೆಯೆಂದು ಹೆಸರನ್ನು ಮಾತ್ರ ಘೋಷಿಸಿದನು. ಷರತ್ತಿನಲ್ಲಿ ಪರಿಚಯವಿಲ್ಲದ ಹೆಸರು ಕಂಡರೆ ಎಚ್ಚರಿಸಬೇಕೆಂದು ಕಂಪೈಲರಿಗೆ ಅಪ್ಪಣೆ ಮಾಡಿದನು.

ಒಂದು ಸಲಕ್ಕೆ ಒಂದೇ ಬದಲಾವಣೆ. ಪ್ರತಿ ಬದಲಾವಣೆಗೂ ಮುನ್ನ ಮತ್ತು ಅನಂತರ, ಹಳೆಯ ಹಾಗೂ ಹೊಸ ಬೋರ್ಡುಗಳೆರಡಕ್ಕೂ ಕಟ್ಟಿ, ಹುಟ್ಟಿದ ಯಂತ್ರಭಾಷೆಯ ಕಡತಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಿದ್ದನು. ಕೇವಲ ಒಪ್ಪ ಮಾಡಿದುದು ನಿಜವಾದರೆ ಯಂತ್ರದ ನಡೆಯಲ್ಲಿ ಎಳ್ಳಷ್ಟೂ ವ್ಯತ್ಯಾಸ ಬರಕೂಡದು. ವ್ಯತ್ಯಾಸ ಕಂಡಲ್ಲಿ ನಿಂತು, ಕಾರಣವನ್ನು ತಿಳಿದೇ ಮುಂದುವರಿಯುತ್ತಿದ್ದನು. ಯಾವ ಡ್ರೈವರಿನ ಸಾಲನ್ನು ಮುಟ್ಟಬೇಕಾಗಿತ್ತೋ ಅದನ್ನು ಬರೆದವರನ್ನು ಕೇಳುತ್ತಿದ್ದನು. ಒಂದು ವಾರದಲ್ಲಿ ಮುಗಿದಿದ್ದ ಕೆಲಸಕ್ಕೆ ಈ ಸಲ ಏಳು ತಿಂಗಳು ಹಿಡಿಯಿತು. ಬೆನ್ನು ತಟ್ಟುವವರು ಯಾರೂ ಇರಲಿಲ್ಲ. ಏಕೆಂದರೆ ಹೊರಗಿನಿಂದ ನೋಡುವವರಿಗೆ ಏನೂ ಆದಂತೆ ಕಾಣಲಿಲ್ಲ. ಆ ರೈತರ ಮೋಟಾರು ಮಾತ್ರ ಕರೆಂಟು ಬಂದೊಡನೆ ಏಳುತ್ತಿತ್ತು. ಹೊಸದಾಗಿ ಕೆಲಸಕ್ಕೆ ಬಂದವರು ಆ ಹೆಡರನ್ನು ಒಂದು ಕುಳಿತದಲ್ಲಿ ಓದಿ ತಿಳಿಯುವಂತಾಯಿತು.

ಫಲವು ಕಾಣದಂತೆ ನಡೆಯುವುದೇ ಕಾಯಕದ ಲಕ್ಷಣವೆಂದರೆ ತಪ್ಪಾಗಲಾರದು. ಗಣಕದ ಹೆಡರು ಕಡತವಿರಲಿ, ಊರಿನ ಕಾಲುವೆಯಿರಲಿ, ಹತ್ತಾರು ದಾನಿಗಳ ಕೊಡುಗೆಯಿಂದಲೂ ಗುರುಹಿರಿಯರ ಶ್ರಮದಿಂದಲೂ ಬೆಳೆದು ಬಂದ ವಿದ್ಯಾಸಂಸ್ಥೆಯಿರಲಿ, ಎಲ್ಲರಿಗೂ ಸೇರಿದುದನ್ನು ಕಾಯುವ ಮಾರ್ಗವು ಒಂದೇ: ಬೇಕಾದಷ್ಟನ್ನೇ ತೆಗೆದುಕೊಳ್ಳುವುದು, ತೆಗೆದುಕೊಂಡುದನ್ನು ಹೆಸರು ಹೇಳಿ ಒಪ್ಪಿಕೊಳ್ಳುವುದು, ಮುಚ್ಚುವ ಮುನ್ನ ಕೆಳಗಿನ ಹೊಲದವರನ್ನು ಕೇಳುವುದು.

ಆ ಹೆಡರಿನ ಮೊದಲನೆಯ ಸಾಲಿನಲ್ಲಿ, ಇಬ್ಬರಿಗಿಂತ ಕಡಿಮೆ ಮಂದಿಗೆ ಬೇಕಾದುದನ್ನು ಇಲ್ಲಿ ಇಡಬಾರದೆಂದು ಆತನು ಬರೆದಿಟ್ಟಿದ್ದಾನೆ. ಎರಡನೆಯ ಸಾಲಿನಲ್ಲಿ, ಯಾರು ಬಳಸುತ್ತಿದ್ದಾರೆಂದು ನೋಡದೆ ಇಲ್ಲಿಂದ ಏನನ್ನೂ ತೆಗೆಯಬಾರದೆಂದು ಇದೆ. ಮೊದಲನೆಯದು ಗುರುಗಳಿಂದ, ಎರಡನೆಯದು ತಂದೆಯಿಂದ ಬಂದುದೆಂದು ಆ ಕಚೇರಿಯಲ್ಲಿ ಯಾರಿಗೂ ತಿಳಿಯದು.